ಚಟ್ನಿಯಾದ ಚಗಳಿ ರಾಣಿ

ಮೊನ್ನೆ ಪ್ರಾಕ್ಟಿಕಲ್ ಕ್ಲಾಸಿನಲ್ಲಿ ಹುಡುಗಿಯೊಬ್ಬಳು ಚಗಳಿ ಇರುವೆಯನ್ನು ಚಿಮಟದಲ್ಲಿ ಹಿಡಿಯಲು ಹೋಗಿ ಅಪ್ಪಚ್ಚಿ ಮಾಡಿಬಿಟ್ಟಳು. ಹುಳಿ ವಾಸನೆ ಮೂಗಿಗೆ ಬಡಿಯಿತು. ಫಾರ್ಮಿಕ್ ಆಮ್ಲದ ಬಗ್ಗೆ ಗಂಭೀರವಾಗಿ ವಿವರಿಸಬೇಕಾದ ತೀರ್ಥಹಳ್ಳಿಯ ಈ ಪ್ರಾಣಿಶಾಸ್ತ್ರದ ಮೇಡಮ್ಮಿಗೆ ಬಾಯಲ್ಲಿ ನೀರೂರಿತು ನೋಡಿ! ಏನು ಮಾಡಲಿ, ಹುಟ್ಟಿದ್ದೇ ಹೊಸನಗರದ ಕಡೆ, ಚಗಳಿ ಚಟ್ನಿ ತಿನ್ನುವ ಮನೆಯಲ್ಲಿ.

ಚಗಳಿ ಗೊತ್ತಲ್ಲ? ಮರದ ಮೇಲೆ ಹಸಿರೆಲೆಗಳನ್ನು ಜೋಡಿಸಿ, ತಮ್ಮ ಮರಿಹುಳುಗಳ ಬಾಯಿಂದ ಬರುವ ನೂಲಿನಲ್ಲೇ ಹೊಲಿದು ಗೂಡು ಕಟ್ಟುವ ಕೆಂಪಿರುವೆ. ಶಾಸ್ತ್ರದ ಪ್ರಕಾರ ಇರುವೆಗಳದ್ದೆಲ್ಲ ಒಂದೇ ಕುಟುಂಬ. ಕಣಜ, ಜೇನು ಅವುಗಳ ನೆಂಟರು. ಗೆದ್ದಲು ಮಾತ್ರ ಜಿರಲೆಯ ಕಡೆಯದು. ಬಿಳಿ ಇರುವೆ ಎಂಬ ಹೆಸರು ಅದಕ್ಕೆ ದಂಡಕ್ಕೆ. ನಮ್ಮವ್ವ ಚೌಡಮ್ಮನ ವರ್ಗೀಕರಣ ಇಷ್ಟು ಉದ್ದವಿರಲಿಲ್ಲ. ಕಚ್ಚುವ ಇರುವೆ, ತಿನ್ನುವ ಇರುವೆ, ಅಷ್ಟೇ. ಚಗಳಿ ಎರಡಕ್ಕೂ ಸೇರುತ್ತದಲ್ಲ ಎಂದರೆ, ಯಾರು ಮೊದಲು ಬಾಯಿ ಹಾಕುತ್ತಾರೋ ನೋಡಬೇಕು ಅನ್ನುತ್ತಿದ್ದಳು.

ಡಿಗ್ರಿಯ ಕೊನೆಯ ವರ್ಷ ಪ್ರಾಕ್ಟಿಕಲ್ ಪರೀಕ್ಷೆಗೆ ನಾನು ಚಗಳಿಯ ರಾಣಿಯನ್ನೂ ದೊಡ್ಡ, ಸಣ್ಣ ಕೆಲಸಗಾರ ಇರುವೆಗಳನ್ನೂ ಒಪ್ಪಿಸಬೇಕಿತ್ತು. ಅಂಕ ಬಂದರೆ ಎಂ.ಎಸ್ಸಿ. ಸೀಟು, ಇಲ್ಲವಾದರೆ ಓದು ಅಲ್ಲಿಗೇ ಮುಗಿಯಿತು. ಮರದ ತುಂಬ ಗೂಡಿದ್ದರೂ ರಾಣಿ ಇರುವುದು ಯಾವುದೋ ಒಂದರಲ್ಲಿ. ಅಲೆದಲೆದು ಅಂತೂ ಹಿಡಿದೆ. ಮೈ ಮುರಿಯದೆ ಸಾಯಲಿ ಎಂದು ಪರಿವಾರಸಮೇತ ಸ್ಟೀಲ್ ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಟ್ಟೆ.

ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ ರೊಟ್ಟಿ ಜೊತೆ ಚಗಳಿ ಚಟ್ನಿ. ಬಾಯಿ ಚಪ್ಪರಿಸಿ ಇನ್ನಷ್ಟು ಹಾಕಿಸಿಕೊಂಡ ಮೇಲೆ, ಎಲ್ಲಿಂದ ತಂದೆ ಅವ್ವ ಎಂದು ಕೇಳಿದೆ.

"ಫ್ರಿಜ್ಜಿನಾಗೆ ನೀನೇ ಇಟ್ಟಿದ್ಯಲ್ಲ ಮಾರಾಯ್ತಿ," ಎಂದಳು ಅವ್ವ.

ನನ್ನ ರಾಣಿಯನ್ನು ನಾನೇ ತಿಂದಿದ್ದೆ! ತಟ್ಟೆ ಮುಂದೆ ಕೂತು ಗೊಳೋ ಎಂದು ಅತ್ತೆ. ವಿಷಯ ತಿಳಿದ ಅವ್ವ ಸೀರೆ ಎತ್ತಿ ಕಟ್ಟಿ, ಅಪ್ಪನ ಹಳೇ ಅಂಗಿ ತೊಟ್ಟು, ಗದ್ದೆಯಂಚಿನ ಮಾವಿನ ಮರ ಹತ್ತಿದಳು. ನಾನೂ ಹತ್ತಲು ಹೋದೆ.

"ಕೆಳಗೆ ನಿಂತ್ಕ. ನಿನ್ನ ಕೈ ಊದಿದ್ರೆ ನಾಳೆ ಬರೆಯೋರ್ಯಾರು?"

ಒಂದೊಂದೇ ಗೂಡು ಮುರಿದು ಕೆಳಗೆ ಹಾಕಿದಳು. ನಾನು ಅಕ್ಕಿ ಕೇರುವ ಗೆರಸಿಯಲ್ಲಿ ಕೊಡವಿ ಹುಡುಕಿದೆ. ಇಲ್ಲ ಅಂದಾಗಲೆಲ್ಲ ಇನ್ನೊಂದು ಕೊಂಬೆ ಮೇಲೆ ಹೋದಳು. ಹೊತ್ತು ಮುಳುಗುವಾಗ, ತುದಿಯ ಗೂಡಿನಲ್ಲಿ, ಹಸಿರು ಮೈಯ ರಾಣಿ ಸಿಕ್ಕಿತು. ಇಳಿದು ಬಂದ ಅವ್ವನ ಕೈ, ಕತ್ತು, ಕಣ್ಣಿನ ರೆಪ್ಪೆಯೂ ಊದಿದ್ದವು. ಅರಿಸಿನ ಹಚ್ಚಿದರೆ, ಕಚ್ಚಿದ್ದೇ ಒಳ್ಳೇದಾಯ್ತು, ತಿಂದಿದ್ದಕ್ಕೆ ಲೆಕ್ಕ ಸರಿಹೋಯ್ತು ಎಂದು ನಕ್ಕಳು.

ಮಾದರಿಯ ಸೀಸೆಗೆ ಚೀಟಿ ಅಂಟಿಸುವುದು ನಮ್ಮಲ್ಲಿ ಪದ್ಧತಿ: ಇರುವೆಯ ಹೆಸರು, ಊರು, ಸಂಗ್ರಹಿಸಿದವರು. ಕೊನೆಯ ಸಾಲಿನಲ್ಲಿ ಅವ್ವನ ಹೆಸರು ಕಂಡು ಪರೀಕ್ಷಕರು ಕನ್ನಡಕ ಏರಿಸಿದರು. ಸಂಗ್ರಹಕ್ಕೆ ಬೇರೆ ಅಂಕವಿದೆ, ನಿನ್ನ ಹೆಸರು ಹಾಕಮ್ಮ ಎಂದು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು.

"ಮರ ಹತ್ತಿದ್ದು ಅವ್ವ, ಸರ್," ಎಂದೆ.

ಆ ಅಂಕ ಹೋಯಿತು. ಉಳಿದದ್ದಕ್ಕೆಲ್ಲ ಪಟಪಟನೆ ಉತ್ತರ ಹೇಳಿದ್ದೆ. ಸೀಟು ಕೂದಲೆಳೆಯ ಅಂತರದಲ್ಲಿ ಸಿಕ್ಕಿತು.

ಓದಿದ ಕಾಲೇಜಿನಲ್ಲೇ ಈಗ ಪಾಠ ಮಾಡುತ್ತೇನೆ. ಸೀಸೆಯೂ ಇಲ್ಲೇ ಇದೆ. ಮೊನ್ನೆ ಆ ಹುಡುಗಿಗೆ ಸರಿಯಾದ ಮಾದರಿ ತೋರಿಸಲು ಅದನ್ನೇ ತೆಗೆದುಕೊಟ್ಟೆ. ಅವಳು ಚೀಟಿ ಓದಿ, ಈ ಚೌಡಮ್ಮ ಯಾವ ಯೂನಿವರ್ಸಿಟಿಯವರು ಮೇಡಂ ಎಂದು ಕೇಳಿದಳು. ಇಷ್ಟು ವರ್ಷ ಯಾರೂ ಕೇಳಿರಲಿಲ್ಲ.

"ನಮ್ಮವ್ವ," ಎಂದೆ. ಹಿಂದಿನ ಬೆಂಚಿಗೂ ಕೇಳಲಿ ಎಂದು ಇನ್ನೊಮ್ಮೆ ಹೇಳಿದೆ.