ಹೊನ್ನೂರಮ್ಮನ ಎರಡನೇ ಮಡಿ

ಯಶವಂತನಗರದ ಹೊನ್ನೂರಮ್ಮ ಹದಿನೆಂಟು ವರ್ಷ ಗಣಿಯಲ್ಲಿ ಅದಿರು ಆರಿಸಿದವಳು. ಆ ಕೆಲಸ ನಿಂತ ಮೇಲೆ ಮನೆ ಹಿಂದಿನ ಜಾಗದಲ್ಲಿ ಮಡಿ ಮಾಡಿ, ಮೆಣಸಿನಕಾಯಿ ಸಸಿ ಬೆಳೆಸಿ ರೈತರಿಗೆ ಕೊಡತೊಡಗಿದಳು. ಬೀಜ ಅಂಗಡಿಯದಲ್ಲ, ಅವಳ ಅವ್ವ ಕಾಪಾಡಿಕೊಂಡು ಬಂದಿದ್ದ ಗಿಡ್ಡ, ದಪ್ಪ ಕಾಯಿಯ ತಳಿ.

ಈ ವರ್ಷ ಸಂಕ್ರಾಂತಿ ಮುಗಿದರೂ ಸಂಡೂರಿನ ಗುಡ್ಡಗಳ ಥಂಡಿ ಕಡಿಮೆಯಾಗಲಿಲ್ಲ. ಬಿತ್ತಿ ಹದಿನೈದು ದಿನವಾದ ಮೇಲೆ ಅಲ್ಲೊಂದು ಇಲ್ಲೊಂದು ಮೊಳಕೆ ಕಂಡಿತು. ಅದೇ ವಾರ ಅಕಾಲದ ಮಳೆ ಎರಡು ದಿನ ಹಿಡಿದು, ಎಳೆ ಸಸಿಗಳೆಲ್ಲ ಬುಡ ಕೊಳೆತು ಮಲಗಿದವು.

ಒಂದು ಎಕರೆಗೆ ಸಸಿ ಹೇಳಿಟ್ಟಿದ್ದ ಎಮ್ಮಿಗನೂರಿನ ರೈತ ಕೊಟ್ರಯ್ಯ ನೋಡಲು ಬಂದರು.

“ಯಕ್ಕಾ, ಇದೇನ್ರಿ ಹಿಂಗಾಗೈತಿ?”

“ಮಡಿ ತಗ್ಗಿನ್ಯಾಗ ಮಾಡಿದ್ದು ನನ್ನ ತಪ್ಪುರಿ. ಇನ್ನ ಎರಡು ಹಿಡಿ ಬೀಜ ಅದಾವ, ಮತ್ತೊಮ್ಮೆ ಹಾಕ್ತೀನಿ. ನಿಮಗ ತಡ ಆಗ್ತೈತಿ ಅಂದ್ರ ಹೊಸಪೇಟಿಯಿಂದ ತಗೊಳ್ರಿ, ನಂಗೇನು ಬ್ಯಾಸರಿಲ್ಲ.”

ಕೊಟ್ರಯ್ಯ ಮಲಗಿದ್ದ ಸಸಿಯೊಂದನ್ನು ಎತ್ತಿ ನೋಡಿದರು. “ಅರ್ಧ ಹೊಲಕ್ಕ ಅಲ್ಲಿಂದ ತರ್ತೀನಿ. ಉಳಿದರ್ಧ ನಿಮಗ ಬಿಟ್ಟೀನ್ರಿ.”

ಹೊನ್ನೂರಮ್ಮ ಬೀಜವನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಕೊಂಡು ರಸ್ತೆ ಬದಿಯ ಸುಮಲತಾಳ ಹೋಟೆಲಿಗೆ ಹೋದಳು. ಅಲ್ಲಿ ಲಾರಿಯವರಿಗಾಗಿ ಬೆಳಗಿನಿಂದ ಸಂಜೆವರೆಗೆ ಒಲೆ ಉರಿಯುತ್ತದೆ.

“ಒಲಿ ಹಿಂದಿನ ಗೂಡಿನ್ಯಾಗ ಇಡ್ಲೇನವಾ? ಬೆಚ್ಚಗಿದ್ರ ಸಾಕು.”

“ಇಡಕ್ಕಾ, ಅದೇನು ನನ್ನ ಇಡ್ಲಿ ತಿಂತೈತೇನು?” ಎಂದು ಸುಮಲತಾ ನಕ್ಕಳು.

ಹೊನ್ನೂರಮ್ಮ ದಿನಕ್ಕೆರಡು ಸಲ ಹೋಗಿ ಬಟ್ಟೆಗೆ ನೀರು ಚಿಮುಕಿಸಿದಳು. ಆರನೇ ದಿನ ಗಂಟು ಬಿಚ್ಚಿದಾಗ ಬೀಜಗಳಲ್ಲೆಲ್ಲ ಬಿಳಿ ಮೊಳಕೆ ಇಣುಕಿತ್ತು.

ಈ ಸಲ ಮಡಿಯನ್ನು ಗೇಣೆತ್ತರ ಏರಿಸಿ, ಸುತ್ತ ಕಾಲುವೆ ತೆಗೆದು, ಮೊಳಕೆ ಬಂದ ಬೀಜ ಬಿತ್ತಿದಳು. ಬಿದಿರು ಬಗ್ಗಿಸಿ ಮೇಲೆ ಕಮಾನು ಕಟ್ಟಿದಳು. ಸಂಜೆಯಾದೊಡನೆ ಅದಕ್ಕೆ ಹಳೆಯ ಸೀರೆ ಹೊದಿಸಿ, ಬಿಸಿಲೇರಿದ ಮೇಲೆ ತೆಗೆಯುತ್ತಿದ್ದಳು. ಒಂದು ಮಧ್ಯಾಹ್ನ ಮತ್ತೆ ಮೋಡ ಕವಿದು ಜೋರು ಮಳೆ ಸುರಿಯಿತು. ಅವಸರದಲ್ಲಿ ಮಡಿಗೆ ತಾಡಪಾಲು ಎಳೆದು, ಹೊಸ್ತಿಲಲ್ಲಿ ಕೂತು ಕಾದಳು. ಮಳೆ ನಿಂತಾಗ ಎತ್ತಿ ನೋಡಿದರೆ ನೀರೆಲ್ಲ ಕಾಲುವೆಗೆ ಇಳಿದಿತ್ತು. ಸಸಿಗಳು ನೆಟ್ಟಗೆ ನಿಂತಿದ್ದವು. ಅವಳಿಗೆ ಅಳುವೇ ಬಂತು.

ಯುಗಾದಿಗೆ ಮುಂಚೆ ಕೊಟ್ರಯ್ಯ ಸಸಿ ಒಯ್ದರು. ಅರ್ಧ ಎಕರೆಗೆ ನಾಲ್ಕು ಸಾಲಿನಷ್ಟು ಸಸಿ ಕಡಿಮೆ ಬಿತ್ತು, ಅಷ್ಟೆ. ತಿಂಗಳ ಮೇಲೆ ಫೋನ್ ಮಾಡಿದರು.

“ಯಕ್ಕಾ, ನಿಮ್ಮವು ಮಸ್ತ್ ಹೂ ಬಿಟ್ಟಾವ. ಮುಂದಿನ ಸಲ ಪೂರಾ ಹೊಲಕ್ಕ ನಿಮ್ಮ ಸಸೀನ ಬೇಕು, ಈಗ ಹೇಳೀನ್ರಿ.”

“ಆಗ್ಲಿರಿ,” ಎಂದಳು ಹೊನ್ನೂರಮ್ಮ, “ಹಂಗಾದ್ರ ಇನ್ನೊಂದು ಮಡಿಗೆ ಜಾಗ ಮಾಡ್ಬೇಕು.” ಮರುದಿನವೇ ಹಿತ್ತಲಿನ ಜಾಲಿ ಕಡಿಯಲು ನಿಂತಳು.