ಡಿವಿಡಿ ಜಾಗದಲ್ಲಿ ಕೂತ ಎಸ್‌ಎಸ್‌ಡಿ

ಪೀಣ್ಯದ ಟೂಲ್‌ರೂಮಿನಲ್ಲಿ ನಾನು ಲ್ಯಾಪ್‌ಟಾಪಿನಲ್ಲಿ ಯಂತ್ರದ ಬಿಡಿಭಾಗಗಳ ಡ್ರಾಯಿಂಗ್ ಮಾಡುತ್ತಿದ್ದ ಕಾಲ. ಫೈಲ್ ತೆರೆಯುವಷ್ಟರಲ್ಲಿ ನನ್ನದೊಂದು ಟೀ ಮುಗಿಯುತ್ತಿತ್ತು. ಡ್ರಾಯಿಂಗ್ ತಡವಾದಾಗೆಲ್ಲ ಲ್ಯಾಪ್‌ಟಾಪ್ ಹೆಸರು ಹೇಳಿ ಬಚಾವಾಗುತ್ತಿದ್ದೆ. ಕೊನೆಗೆ ನನಗೇ ರೋಸಿಹೋಗಿ, ಹಾರ್ಡ್‌ಡಿಸ್ಕಿಗಿಂತ ಬಹಳ ವೇಗದ ಒಂದು ಎಸ್‌ಎಸ್‌ಡಿ ತಂದೆ. ಹಳೇ ಹಾರ್ಡ್‌ಡಿಸ್ಕನ್ನು ಅದರ ಜಾಗದಿಂದ ಎಬ್ಬಿಸೋಕೆ ಮನಸ್ಸಾಗದೆ, ಡಿವಿಡಿ ಡ್ರೈವ್ ಕಿತ್ತು ಆ ಜಾಗದಲ್ಲಿ ಹೊಸದನ್ನು ಕೂರಿಸಿ, ಸಾಫ್ಟ್‌ವೇರ್, ಡ್ರಾಯಿಂಗ್ ಎಲ್ಲ ಅದಕ್ಕೆ ಸಾಗಿಸಿದೆ. ವೇಗ ಅಳೆದರೆ ಡಬ್ಬಿಯ ಮೇಲೆ ಬರೆದದ್ದರ ಅರ್ಧವೂ ಇಲ್ಲ. ಅಂಗಡಿಯವನು ಟೋಪಿ ಹಾಕಿದ ಅಂತ ಬೆಳಗ್ಗೆಯೆಲ್ಲ ಬೈದೆ.

ಪಕ್ಕದಲ್ಲಿ ಕೆಲಸ ಮಾಡುತ್ತಿದ್ದ ಗದಗಿನ ಕಡೆಯ ಹಿರಿಯ ಫಿಟ್ಟರ್ ಎಲ್ಲ ಕೇಳಿಸಿಕೊಂಡರು. "ಹೊಸಾ ಏರ್ ಗ್ರೈಂಡರ್ ಜೋರ ತಿರಗಲಿಲ್ಲಂದ್ರ ನಾವು ಗ್ರೈಂಡರ್‌ಗೆ ಬೈಯಂಗಿಲ್ರಿ ಸರ. ಕಂಪ್ರೆಸರ್‌ದು ಗಾಳಿ ಬರೋ ಯಾವ ಪೈಪಿಗೆ ಹಚ್ಚೇವಿ ಅಂತ ನೋಡತೀವಿ."

ನಾನೂ ನೋಡಿದೆ. ಡಿವಿಡಿಗೆ ಕೊಟ್ಟಿದ್ದ, ಡೇಟಾ ಹರಿಯುವ ಸಾಟಾ ಕನೆಕ್ಷನ್ ಹಳೇ ಕಾಲದ್ದು, ನಿಧಾನದ್ದು. ವೇಗದ ಕನೆಕ್ಷನ್ ಮೇಲೆ ಹಳೇ ಡಿಸ್ಕ್ ಆರಾಮಾಗಿ ಕೂತಿತ್ತು. ಎರಡನ್ನೂ ಅದಲು ಬದಲು ಮಾಡಿ, ದೊಡ್ಡದೊಂದು ಡ್ರಾಯಿಂಗ್ ಮೇಲೆ ಕ್ಲಿಕ್ ಮಾಡಿದೆ. ಟೀ ಲೋಟ ಎತ್ತುವುದರೊಳಗೆ ತೆರೆದುಕೊಂಡಿತು.

ಫಿಟ್ಟರ್ ಸ್ಕ್ರೀನ್ ನೋಡಿದರು, ಆಮೇಲೆ ನನ್ನ ಮುಖ ನೋಡಿದರು.

"ಹಂಗಾರ ನಾಳಿಂದ ಡ್ರಾಯಿಂಗ್ ತಡ ಆದ್ರ ಯಾರ ಹೆಸರು ಹೇಳ್ತೀರಿ ಸರ?"