ಮುಟ್ಟಬೇಡಿ ಭಾವನ ಭಾನುವಾರ

ನಮ್ಮ ಅಕ್ಕನ ಗಂಡನಿಗೆ ನೆಂಟರಿಷ್ಟರಲ್ಲಿ ‘ಮುಟ್ಟಬೇಡಿ ಭಾವ’ ಎಂದೇ ಹೆಸರು. ತಿಮಿಂಗಿಲದ ಅಸ್ಥಿಪಂಜರ, ಹುಲ್ಲು ತುಂಬಿದ ಕರಡಿ, ಗಾಜಿನೊಳಗಿನ ಚಿಟ್ಟೆಗಳಿರುವ ಮ್ಯೂಸಿಯಮ್ಮಿನಲ್ಲಿ ಅವರು ಕಾವಲುಗಾರರು. ಬೆಳಗಿನಿಂದ ಸಂಜೆಯವರೆಗೂ ನಿಂತೇ ಇರಬೇಕು. ಕೂತರೆ ಜನ ಅವರನ್ನೂ ಪ್ರದರ್ಶನದ ವಸ್ತು ಅಂದುಕೊಂಡಾರು ಎಂಬುದು ಮೇಲಧಿಕಾರಿಯ ಅಭಿಪ್ರಾಯ. ದಿನವಿಡೀ ಆಡುವ ಮಾತು ಒಂದೇ, “ಮುಟ್ಟಬೇಡಿ.” ಮನೆಯಲ್ಲಿ ನಾನು ಬಿಸ್ಕತ್ತಿನ ಡಬ್ಬಿಗೆ ಕೈ ಚಾಚಿದರೂ ಅದೇ ಮಾತು ಬೀಳುತ್ತದೆ. ನನ್ನ ಸೊಂಟದ ಸುತ್ತಳತೆ ನೋಡಿದರೆ ಅವರನ್ನು ಬೈಯುವ ಹಾಗೂ ಇಲ್ಲ.

ಭಾನುವಾರ ಮ್ಯೂಸಿಯಮ್ಮಿಗೆ ಜನಜಾತ್ರೆ, ಹಾಗಾಗಿ ಭಾವನಿಗೆ ಸೋಮವಾರ ರಜೆ. ಸೋಮವಾರ ಮಗಳಿಗೆ ಶಾಲೆ. ಅಪ್ಪ ಮಗಳು ಜೊತೆಯಾಗಿ ಹೊರಗೆ ಹೋದದ್ದೆಂದರೆ ಹಲ್ಲಿನ ಡಾಕ್ಟರ ಹತ್ತಿರ ಮಾತ್ರ. ಕಡೆಗೊಮ್ಮೆ ಅವಳೇ ಕೇಳಿದಳು.

“ಹುಟ್ಟುಹಬ್ಬಕ್ಕೆ ಏನೂ ಬೇಡಪ್ಪಾ. ಒಂದು ಭಾನುವಾರ ಬರೀ ನಮ್ಮಪ್ಪ ಆಗಿ ನನ್ ಜೊತೆ ಬಾ.”

ಭಾವ ಕಾಡಿ ಬೇಡಿ ರಜೆ ಪಡೆದರು. ಊರಿನ ಇನ್ನೊಂದು ತುದಿಯಲ್ಲಿರುವ ವಿಜ್ಞಾನ ಮ್ಯೂಸಿಯಮ್ಮಿಗೆ ಹೋಗುವುದೆಂದಾಯಿತು. ಅಕ್ಕ ಮಂಡಿನೋವೆಂದು ತನ್ನ ಬದಲಿಗೆ ನನ್ನನ್ನೂ ನೀರಿನ ಬಾಟಲಿಗಳನ್ನೂ ಕಳಿಸಿದಳು.

ಬಾಗಿಲಲ್ಲೇ ದೊಡ್ಡ ಬೋರ್ಡು: ‘ದಯವಿಟ್ಟು ಎಲ್ಲವನ್ನೂ ಮುಟ್ಟಿ ನೋಡಿ.’ ಭಾವ ಅದನ್ನು ಎರಡು ಸಲ ಓದಿ, ಕನ್ನಡಕ ಒರೆಸಿ ಮತ್ತೆ ಓದಿದರು.

ಒಳಗೆ ಮಕ್ಕಳು ಹಿಡಿಕೆ ತಿರುಗಿಸುತ್ತಿದ್ದರು, ಅಯಸ್ಕಾಂತ ಎಳೆದಾಡುತ್ತಿದ್ದರು. ಭಾವ ಮಾತ್ರ ಕೈಗಳನ್ನು ಬೆನ್ನ ಹಿಂದೆ ಕಟ್ಟಿ ಗೋಡೆಗೊರಗಿ ನಿಂತರು. ಯಾರದೋ ಮಗು ಒಂದು ಚಕ್ರಕ್ಕೆ ಕೈಯಿಟ್ಟಿತು.

“ಮುಟ್ಬೇಡಿ!”

“ಯಾಕ್ರೀ, ಬೋರ್ಡು ಓದೋಕೆ ಬರಲ್ವಾ?” ಎಂದಳು ಮಗುವಿನ ತಾಯಿ.

ಮಗಳ ಮುಖ ಸಪ್ಪಗಾಯಿತು. “ಅಪ್ಪಾ, ಇವತ್ತೂ ಡ್ಯೂಟಿಗೇ ಬಂದಿದ್ಯಾ?”

“ಇಲ್ಲ ಪುಟ್ಟಿ, ಬಾಯ್ತಪ್ಪಿ ಬಂತು.”

ಮುಂದಿನ ಹಜಾರದಲ್ಲೂ ಬಾಯಿ ತಪ್ಪಿತು. “ಹುಟ್ಟುಗುಣ ಸುಟ್ಟರೂ ಹೋಗಲ್ಲ” ಎಂದು ನಾನು ನಗಿಸಲು ನೋಡಿದೆ. ಯಾರೂ ನಗಲಿಲ್ಲ. “ಸಾಕು ಮಾಮ, ಮನೆಗೆ ಹೋಗೋಣ” ಎಂದಳು ಹುಡುಗಿ.

ಆ ಹಜಾರದ ಎರಡು ತುದಿಗಳಲ್ಲಿ, ಎದುರುಬದುರಾಗಿ ನಿಲ್ಲಿಸಿದ ಆಳೆತ್ತರದ ಎರಡು ಬೋಗುಣಿಗಳಿದ್ದವು. ಒಂದರಲ್ಲಿ ಪಿಸುಗುಟ್ಟಿದರೆ ಇನ್ನೊಂದರಲ್ಲಿ ಕೇಳಿಸುತ್ತದಂತೆ. “ಇದೊಂದು ನೋಡ್ಕೊಂಡು ಹೋಗೋಣ” ಎಂದು ಅವಳನ್ನು ಅತ್ತ ಕಳಿಸಿ, ಭಾವನನ್ನು ಇತ್ತ ತಳ್ಳಿದೆ. ನಾಚಿಕೆಯಿಲ್ಲದೆ ಪಕ್ಕದಲ್ಲೇ ನಿಂತು ನಾನೂ ಕಿವಿಗೊಟ್ಟೆ.

“ಅಪ್ಪಾ, ನಿಂಗೆ ನನ್ ಜೊತೆ ಬರೋದು ಇಷ್ಟ ಇರ್ಲಿಲ್ವಾ?”

ಭಾವನ ಕೈಗಳು ಬೆನ್ನ ಹಿಂದಿನಿಂದ ಬಂದು ಬೋಗುಣಿಯ ಅಂಚನ್ನು ಹಿಡಿದವು.

“ಇಷ್ಟ ಇತ್ತು ಕಣೇ. ಕಾಲು ನೋಯ್ತಿದೆ, ಅಷ್ಟೇ. ದಿನಾ ನೋಯತ್ತೆ.”

ಈ ಮಾತನ್ನು ಅವರು ಅಕ್ಕನ ಹತ್ತಿರವೂ ಆಡಿದವರಲ್ಲ.

“ಅಲ್ಲಿ ಬೆಂಚಿದೆ, ಕೂತ್ಕೋ ಅಪ್ಪಾ. ಯಾರಾದ್ರೂ ಮುಟ್ಟದೇ ಹೋದ್ರೆ ನಾನು ಗದರ್ತೀನಿ.”

ಭಾವ ಕೂತರು. ಬೂಟು ಬಿಚ್ಚಿ ಕಾಲು ಚಾಚಿದರು. ನೋಡನೋಡುತ್ತಿದ್ದಂತೆ ಬಾಯಿ ತೆರೆದು ಗೊರಕೆ ಹೊಡೆಯತೊಡಗಿದರು. ಮೇಲಧಿಕಾರಿಯ ಮಾತು ಸುಳ್ಳಾಗಲಿಲ್ಲ. ಒಂದು ಪುಟ್ಟ ಮಗು ಬಂದು, ಬೋರ್ಡಿನ ಅಪ್ಪಣೆಯಂತೆ, ಅವರ ಮೀಸೆಗೆ ಬೆರಳು ಚಾಚಿತು.

ಮಗಳು ಹಜಾರದ ಆ ತುದಿಯಿಂದ ಓಡಿಬಂದು ಮೆಲ್ಲಗೆ ಹೇಳಿದಳು.

“ಮುಟ್ಬೇಡ. ನಮ್ಮಪ್ಪ ಮಲಗಿದಾರೆ.”

ಆಮೇಲೆ ಅವರ ಪಕ್ಕದಲ್ಲಿ ಉಳಿದ ಜಾಗದಲ್ಲಿ ತಾನು ಕೂತಳು. ನಾನು ಬಾಟಲಿಗಳನ್ನು ಹಿಡಿದು ನಿಂತೇ ಇದ್ದೆ.